ನನ್ನ ಹೆಸರು, ಯಾರದೋ ಬೈಕ್ ಸಾಲ: ಕ್ರೆಡಿಟ್ ರಿಪೋರ್ಟ್ ತಿದ್ದುಪಡಿ ಸೇವೆಗೆ 5ರಲ್ಲಿ 2 ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಇದು ಸಾಲ ಸಿಗಲಿಲ್ಲ ಅನ್ನೋ ಹೊಟ್ಟೆಉರಿಗೆ ಬರೆದದ್ದಲ್ಲ. ಸಾಲ ಕೊನೆಗೆ ಸಿಕ್ಕಿತು. ಇಲ್ಲಿ ಬರೆಯುತ್ತಿರುವುದು ಕ್ರೆಡಿಟ್ ರಿಪೋರ್ಟ್, ಅಂದರೆ ನಾವು ತಗೊಂಡ ಸಾಲ, ಕಟ್ಟಿದ ಕಂತುಗಳ ಚರಿತ್ರೆ, ಇಟ್ಟುಕೊಳ್ಳುವ ಕಂಪನಿಯೊಂದರ ಡಿಸ್ಪ್ಯೂಟ್ ಸೇವೆಯ ಬಗ್ಗೆ. ರಿಪೋರ್ಟ್‌ನಲ್ಲಿ ತಪ್ಪಿದ್ದರೆ ತಿದ್ದಿಕೊಡಿ ಅಂತ ಆನ್‌ಲೈನ್‌ನಲ್ಲಿ ಅರ್ಜಿ ಹಾಕುತ್ತೇವಲ್ಲ, ಅದು. ನಮ್ಮ ದೇಶದಲ್ಲಿ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಜನ ನಾಲ್ಕನ್ನೂ ಸೇರಿಸಿ ‘ಸಿಬಿಲ್’ ಅಂದುಬಿಡುತ್ತಾರೆ. ನಾಲ್ಕಕ್ಕೂ 2005ರ ಒಂದೇ ಕಾಯ್ದೆ, ಮೇಲೆ ರಿಸರ್ವ್ ಬ್ಯಾಂಕ್. ನನಗೆ ತಲೆನೋವು ತಂದದ್ದು ಇವುಗಳಲ್ಲಿ ಯಾವುದು ಅಂತ ಹೇಳುವುದಿಲ್ಲ. ಕೇಳಲೂ ಬೇಡಿ. ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಹೆಸರನ್ನೂ ಹೇಳುವುದಿಲ್ಲ.

ಆದದ್ದು ಇಷ್ಟು. ಮನೆ ಸಾಲಕ್ಕೆ ಅರ್ಜಿ ಹಾಕಿದ್ದೆ. ಸಂಬಳ ಸರಿಯಾಗಿದೆ, ಹಳೇ ಸಾಲ ಒಂದೇ ಒಂದು ಇದ್ದದ್ದು ತೀರಿದೆ, ಕ್ರೆಡಿಟ್ ಕಾರ್ಡ್ ಬಿಲ್ ತಪ್ಪದೆ ಕಟ್ಟುತ್ತಾ ಬಂದಿದ್ದೇನೆ. ಬ್ಯಾಂಕಿನವರು ಫೋನ್ ಮಾಡಿ, ಸ್ವಲ್ಪ ತಗ್ಗಿದ ದನಿಯಲ್ಲಿ, "ಸರ್, ನಿಮ್ಮ ಹೆಸರಲ್ಲಿ ಒಂದು ಟೂ ವೀಲರ್ ಲೋನ್ ರೈಟ್ ಆಫ್ ಆಗಿದೆಯಲ್ಲ, ಅದನ್ನ ಸೆಟಲ್ ಮಾಡಿಕೊಂಡು ಬನ್ನಿ" ಅಂದರು. ರೈಟ್ ಆಫ್ ಅಂದರೆ ವಸೂಲಾಗದ ಸಾಲ ಅಂತ ಲೆಕ್ಕದಿಂದ ತೆಗೆದದ್ದು. ನಾನು ಸಾಲದಲ್ಲಿ ಬೈಕ್ ತಗೊಂಡವನೇ ಅಲ್ಲ. ಅದನ್ನೇ ಹೇಳಿದೆ. "ಎಲ್ಲರೂ ಹಾಗೇ ಹೇಳ್ತಾರೆ ಸರ್" ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ಮೌನ ಇದೆಯಲ್ಲ, ಅದರಲ್ಲಿ ಎಲ್ಲ ಇತ್ತು.

ರಿಪೋರ್ಟ್ ತೆಗೆಯುವುದು ಸುಲಭ, ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಪ್ಯಾನ್, ಮೊಬೈಲ್, ಓಟಿಪಿ, ಮುಗೀತು. 2017ರಿಂದ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು ಅನ್ನೋ ನಿಯಮ ಇದೆ. ಕೊಡುತ್ತಾರೆ. ಆದರೆ ಆ ಉಚಿತ ರಿಪೋರ್ಟ್‌ಗೆ ಹೋಗುವ ದಾರಿಯಲ್ಲಿ ಮೂರು ಕಡೆ ‘ತಿಂಗಳ ಪ್ಲಾನ್ ತಗೊಳ್ಳಿ’ ಅನ್ನೋ ದೊಡ್ಡ ಬಣ್ಣದ ಬಟನ್ ಎದುರಾಗುತ್ತೆ, ‘ಬೇಡ, ಮುಂದೆ ಹೋಗು’ ಅನ್ನೋದು ಕೆಳಗೆ ಬೂದು ಬಣ್ಣದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು ಹುಡುಕಿ. ದುಡ್ಡು ಕೊಡುವ ಅಗತ್ಯ ಖಂಡಿತ ಇಲ್ಲ.

ರಿಪೋರ್ಟ್ ತೆರೆದ ತಕ್ಷಣ ಎಲ್ಲರ ಕಣ್ಣು ಸ್ಕೋರ್ ಮೇಲೆ ಹೋಗುತ್ತೆ, 300ರಿಂದ 900ರವರೆಗಿನ ಆ ಬಣ್ಣದ ಕಮಾನು. ಅದನ್ನು ಬಿಡಿ. ನೋಡಬೇಕಾದ್ದು ಯಾರೂ ನೋಡದ ಎರಡು ಭಾಗಗಳನ್ನು: ಗುರುತಿನ ದಾಖಲೆಗಳು ಮತ್ತು ವಿಳಾಸಗಳು. ನನ್ನ ರಿಪೋರ್ಟ್‌ನ ಗುರುತಿನ ಭಾಗದಲ್ಲಿ ನನ್ನ ಪ್ಯಾನ್ ಇತ್ತು, ಸರಿ. ಅದರ ಕೆಳಗೆ ಎರಡು ವೋಟರ್ ಐಡಿ ನಂಬರ್ ಇದ್ದವು. ಒಂದು ನನ್ನದು. ಇನ್ನೊಂದು ಯಾರದೋ. ವಿಳಾಸ ಭಾಗದಲ್ಲಿ ನಾನು ಬಾಡಿಗೆಗಿದ್ದ ಹಳೇ ಮನೆಗಳ ಜೊತೆಗೆ, ನಾನು ಬಸ್ಸಲ್ಲಿ ಕೂಡ ದಾಟಿ ಹೋಗದ ಊರಿನ ಎರಡು ವಿಳಾಸ. ಫೋನ್ ನಂಬರ್‌ಗಳ ಪಟ್ಟಿಯಲ್ಲೂ ಒಂದು ಪರಕೀಯ ನಂಬರ್. ಸಾಲಗಳ ಪಟ್ಟಿಯಲ್ಲಿ ಆ ಬೈಕ್ ಸಾಲ, ಜೊತೆಗೆ ಮೊಬೈಲ್ ಫೋನಿಗೆ ತಗೊಂಡ ಒಂದು ಕಂತಿನ ಸಾಲ. ಪಾಪ, ಮೊಬೈಲ್ ಸಾಲವನ್ನು ಅವನು ನೀಟಾಗಿ ತೀರಿಸಿದ್ದಾನೆ. ಬೈಕ್ ಸಾಲದ ಕೆಳಗಿನ ಚೌಕಗಳಲ್ಲಿ ಮಾತ್ರ ಮೊದಲು 000, 000, ಆಮೇಲೆ 030, 060, 090 ಅಂತ ಏರುತ್ತಾ ಹೋಗಿ ಕೊನೆಗೆ ರೈಟ್ ಆಫ್. ಕಂತು ಎಷ್ಟು ದಿನ ಬಾಕಿ ಇದೆ ಅನ್ನೋ ಲೆಕ್ಕ ಅದು. ಯಾರದೋ ಕಷ್ಟದ ವರ್ಷ ನನ್ನ ರಿಪೋರ್ಟ್‌ನಲ್ಲಿ ಚೌಕ ಚೌಕವಾಗಿ ಕೂತಿತ್ತು.

ಅಂದರೆ ಇದು ನನ್ನ ಪ್ಯಾನ್ ಕದ್ದು ಸಾಲ ಎತ್ತಿದ ಕೇಸಲ್ಲ. ಇಬ್ಬರು ಬೇರೆ ಬೇರೆ ಮನುಷ್ಯರನ್ನು ಕಂಪ್ಯೂಟರ್ ಒಬ್ಬನೇ ಅಂದುಕೊಂಡಿದೆ. ಈ ವ್ಯತ್ಯಾಸ ಮುಂದೆ ತುಂಬಾ ಮುಖ್ಯವಾಗುತ್ತೆ, ನೆನಪಿಟ್ಟುಕೊಳ್ಳಿ.

ಹೀಗೆ ಹೇಗಾಗುತ್ತೆ? ನನ್ನ ಹೆಸರು ಎಸ್. ಮಂಜುನಾಥ ಅಂತ ಇಟ್ಟುಕೊಳ್ಳಿ, ಅಪ್ಪನ ಹೆಸರು ಶಿವಣ್ಣ. ನಿಜವಾದ ಹೆಸರುಗಳು ಇವಲ್ಲ, ಆದರೆ ಇಷ್ಟೇ ಮಾಮೂಲಿ. ನಮ್ಮ ಕಡೆ ಈ ಜೋಡಿ ಇರುವವರು ಒಂದೊಂದು ತಾಲೂಕಿನಲ್ಲೂ ಸಿಗುತ್ತಾರೆ. ಇನ್ನು ಹುಟ್ಟಿದ ದಿನ: ಜೂನ್ 1. ನಗಬೇಡಿ, ನಿಮ್ಮಲ್ಲೂ ಎಷ್ಟೋ ಜನರದ್ದು ಅದೇ ಇರುತ್ತೆ. ಶಾಲೆಗೆ ಸೇರಿಸಲು ಹೋದಾಗ ಅಪ್ಪ ಅಮ್ಮ ‘ಮಳೆಗಾಲದಲ್ಲಿ ಹುಟ್ಟಿದ್ದು ಸಾರ್’ ಅಂದರೆ ಮೇಷ್ಟ್ರು ಲೆಕ್ಕ ಹಾಕಿ ಜೂನ್ 1 ಬರೆದುಬಿಡುತ್ತಿದ್ದರು, ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಯಾಗಿ ಕೂರಲಿ ಅಂತ. ಅದೇ ಮಾರ್ಕ್ಸ್ ಕಾರ್ಡ್‌ಗೆ ಹೋಯಿತು, ಅಲ್ಲಿಂದ ಪ್ಯಾನ್‌ಗೆ, ಬ್ಯಾಂಕ್‌ಗೆ. ಆಧಾರ್ ಬಂದಾಗ ವಯಸ್ಸು ಮಾತ್ರ ಗೊತ್ತಿದ್ದವರಿಗೆ ಜನವರಿ 1 ಅಂತ ಬಿತ್ತು. ಈಗ ಯೋಚಿಸಿ. ‘ಹೆಸರು, ತಂದೆ ಹೆಸರು, ಹುಟ್ಟಿದ ದಿನ ಮೂರೂ ಸರಿಹೊಂದಿದರೆ ಒಬ್ಬನೇ ಮನುಷ್ಯ’ ಅನ್ನೋ ಸೂತ್ರ ಕಾಗದದ ಮೇಲೆ ಗಟ್ಟಿಯಾಗೇ ಕಾಣುತ್ತೆ. ಅರ್ಧ ಕ್ಲಾಸೇ ಒಂದೇ ದಿನ ಹುಟ್ಟಿದ ಕಡೆ ಅದು ಜರಡಿ ಹಿಡಿದು ನೀರು ತುಂಬಿಸಿದ ಹಾಗೆ.

ಪ್ಯಾನ್ ಇದೆಯಲ್ಲ, ಅದು ಒಬ್ಬರಿಗೊಂದೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಸಣ್ಣ ಬೈಕ್ ಸಾಲಕ್ಕೆ, ಶೋರೂಮ್‌ನಲ್ಲೇ ಕೂತು ಕೊಡುವ ಸಾಲಕ್ಕೆ, ಪ್ಯಾನ್ ಇಲ್ಲದಿದ್ದರೆ ಫಾರ್ಮ್ 60 ಅನ್ನೋ ಘೋಷಣೆ ಬರೆಸಿಕೊಂಡು ವೋಟರ್ ಐಡಿ ಮೇಲೆ ಮುಗಿಸಿದ್ದು ಎಷ್ಟೋ ಇದೆ. ನನ್ನ ಹೆಸರಿನವನ ಸಾಲವೂ ಹಾಗೇ ಆದದ್ದು ಅಂತ ಆಮೇಲೆ ಗೊತ್ತಾಯಿತು. ಪ್ಯಾನ್ ಕಾಲಂ ಖಾಲಿ. ಖಾಲಿ ಇದ್ದಾಗ ಕಂಪ್ಯೂಟರ್ ‘ಗೊತ್ತಿಲ್ಲ’ ಅಂತ ಬಿಡಬೇಕಿತ್ತು, ಬಿಡಲಿಲ್ಲ. ಉಳಿದ ಕಾಲಂಗಳನ್ನು ನೋಡಿ, ಹತ್ತಿರದಲ್ಲಿ ಸಿಕ್ಕ ಮಂಜುನಾಥನ ಕೊರಳಿಗೆ ಕಟ್ಟಿತು.

ಇನಿಷಿಯಲ್ ಕಥೆ ಇನ್ನೊಂದು. ನಮ್ಮಲ್ಲಿ ಸರ್‌ನೇಮ್ ಅನ್ನೋದು ಎಷ್ಟೋ ಮನೆಗಳಲ್ಲಿ ಇಲ್ಲವೇ ಇಲ್ಲ, ಊರಿನ ಹೆಸರೋ ಅಪ್ಪನ ಹೆಸರೋ ಒಂದಕ್ಷರವಾಗಿ ಮುಂದೆ ಕೂರುತ್ತೆ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ನಡೆಯೋದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿ ಬರೆದರೆ ಅಪ್ಪನ ಹೆಸರು ನನ್ನ ಕೊನೆಯ ಹೆಸರಾಗುತ್ತೆ. ಪ್ಯಾನ್‌ನ ಐದನೇ ಅಕ್ಷರ ಕೊನೆಯ ಹೆಸರಿನ ಮೊದಲ ಅಕ್ಷರ, ಹಾಗಾಗಿ ಅಲ್ಲಿ ನನ್ನ ಅಕ್ಷರವಲ್ಲ, ಅಪ್ಪನ ಅಕ್ಷರ. ವೋಟರ್ ಐಡಿಯಲ್ಲಿ ಬರೀ ಮಂಜುನಾಥ. ಆಧಾರ್‌ನಲ್ಲಿ ಹಿಂದೆ ಇನಿಷಿಯಲ್. ಒಬ್ಬನೇ ಮನುಷ್ಯ ಮೂರು ಕಡೆ ಮೂರು ಥರ ಇದ್ದಾನೆ ಅಂತ ಈ ಕಂಪನಿಗಳಿಗೆ ಗೊತ್ತು, ಅದಕ್ಕೇ ಹೊಂದಿಸುವ ಜಾಲವನ್ನು ಸಡಿಲ ಮಾಡುತ್ತಾರೆ. ಸಡಿಲ ಮಾಡಿದಾಗ ಪಕ್ಕದವನೂ ಒಳಗೆ ಬಂದು ಬೀಳುತ್ತಾನೆ.

ರಿಕವರಿ ಏಜೆಂಟ್ ಒಬ್ಬ ಇದೇ ಗಲಾಟೆಯ ನಡುವೆ ಫೋನ್ ಮಾಡಿದ. "ಶಿವಣ್ಣ ಅವ್ರಾ ಮಾತಾಡೋದು? ಬೈಕ್ ಬಾಕಿ ಯಾವಾಗ ಕಟ್ತೀರಾ?" ಶಿವಣ್ಣ ನಮ್ಮಪ್ಪ ಕಣಪ್ಪ, ಅವರು ಸೈಕಲ್ ಬಿಟ್ಟು ಬೇರೇನೂ ಓಡಿಸಿದವರಲ್ಲ ಅಂದೆ. "ಸಿಸ್ಟಮ್‌ನಲ್ಲಿ ಈ ನಂಬರ್ ಬಂದಿದೆ ಸಾರ್, ನಾನೇನ್ ಮಾಡ್ಲಿ" ಅಂದ. ಅವನ ಮೇಲೆ ಕೋಪ ಬರಲಿಲ್ಲ, ನಿಜ ಹೇಳಬೇಕೆಂದರೆ. ಇಡೀ ಪ್ರಕರಣದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದವನು ಅವನೊಬ್ಬನೇ.

ಸ್ಪೆಲಿಂಗ್ ವಿಷಯಕ್ಕೂ ಸ್ವಲ್ಪ ಬರುತ್ತೇನೆ, ಯಾಕೆಂದರೆ ಜನ ‘ಸ್ಪೆಲಿಂಗ್ ಬೇರೆ ಇದ್ದರೆ ಬಚಾವ್’ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಹೆಸರು ಹೊಂದಿಸುವ ಸಾಫ್ಟ್‌ವೇರ್‌ಗಳು ಅಕ್ಷರಕ್ಕೆ ಅಕ್ಷರ ನೋಡುವುದಿಲ್ಲ. ಇದರ ಮೂಲಪುರುಷ ಸೌಂಡೆಕ್ಸ್ ಅನ್ನೋ ವಿಧಾನ, 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದದ್ದು. ಮೊದಲ ಅಕ್ಷರ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಗುಂಪು ಗುಂಪಾಗಿ ಅಂಕಿ ಕೊಡುತ್ತೆ. ಲಕ್ಷ್ಮಿ ಅಂತ ಇಂಗ್ಲಿಷ್‌ನಲ್ಲಿ ‘ಕೆ ಎಸ್ ಎಚ್’ ಹಾಕಿ ಬರೆದರೂ, ಬರೀ ಒಂದು ‘ಎಕ್ಸ್’ ಹಾಕಿ ಬರೆದರೂ ಎರಡಕ್ಕೂ ಎಲ್250 ಅಂತ ಒಂದೇ ಕೋಡ್. ಭೇಷ್ ಅನ್ನಿಸುತ್ತೆ ಅಲ್ವಾ? ಆದರೆ ಅದೇ ಲೆಕ್ಕದಲ್ಲಿ ರಾಜೇಶನಿಗೂ ಆರ್220, ರಾಕೇಶನಿಗೂ ಆರ್220. ‘ಜೆ’ ಮತ್ತು ‘ಕೆ’ ಎರಡೂ ಅದಕ್ಕೆ ಒಂದೇ ಗುಂಪು. ವೆಂಕಟೇಶ ಅಂತ ‘ವಿ’ಯಿಂದ ಶುರು ಮಾಡಿದವನೂ ‘ಡಬ್ಲ್ಯು’ ಇಂದ ಶುರು ಮಾಡಿದವನೂ ಮಾತ್ರ ಬೇರೆ ಬೇರೆ ಮನುಷ್ಯರು! ಇವತ್ತಿನ ಸಾಫ್ಟ್‌ವೇರ್ ಇದಕ್ಕಿಂತ ಜಾಣ, ಒಪ್ಪೋಣ. ಆದರೆ ಎಷ್ಟು ಹೋಲಿಕೆ ಇದ್ದರೆ ಸಾಕು ಅನ್ನೋ ಗೆರೆಯನ್ನು ಯಾರೋ ಒಬ್ಬರು ಕೂತು ಎಳೆಯಲೇಬೇಕು. ಆ ಗೆರೆ ಎಲ್ಲಿದೆ ಅಂತ ನನ್ನ ಕಂಪನಿ ಕೇಳಿದರೂ ಹೇಳಲಿಲ್ಲ.

ಬರೀ ಹೆಸರಿನ ಮೇಲೆ ಹೊಂದಿಸಿದರೆ ಎಲ್ಲಿಗೆ ಹೋಗುತ್ತೆ ಅನ್ನೋದಕ್ಕೆ ಅಮೆರಿಕದ ಒಂದು ಕೇಸ್ ಇದೆ, ಟ್ರಾನ್ಸ್‌ಯೂನಿಯನ್ ವಿರುದ್ಧ. ನನ್ನ ಕಂಪನಿ ಇದೇ ಅಂತ ಲೆಕ್ಕ ಹಾಕಬೇಡಿ, ಅದು ಬೇರೆ ಕಥೆ. 2011ರಲ್ಲಿ ಒಬ್ಬರು ಕಾರು ಕೊಳ್ಳಲು ಹೋದರೆ, ಭಯೋತ್ಪಾದಕರು, ಡ್ರಗ್ಸ್ ದಂಧೆಯವರು ಇರುವ ಸರ್ಕಾರಿ ಪಟ್ಟಿಯಲ್ಲಿ ನಿಮ್ಮ ಹೆಸರಿದೆ ಅಂತ ವಾಪಸ್ ಕಳಿಸಿದರು. ಸಾಫ್ಟ್‌ವೇರ್ ನೋಡಿದ್ದು ಮೊದಲ ಹೆಸರು ಮತ್ತು ಕೊನೆಯ ಹೆಸರು ಅಷ್ಟೇ. ಹುಟ್ಟಿದ ದಿನವನ್ನೂ ನೋಡಿರಲಿಲ್ಲ. ಹೀಗೆ ಸಿಕ್ಕಿಕೊಂಡ 8,185 ಜನರ ಪರವಾಗಿ ಕೇಸ್ ನಡೆಯಿತು. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಯಾರ ರಿಪೋರ್ಟ್ ಹೊರಗಿನವರ ಕೈಗೆ ಹೋಗಿತ್ತೋ ಆ 1,853 ಜನರಿಗೆ ಮಾತ್ರ ಇದರಲ್ಲಿ ದಾವೆ ಹೂಡುವ ಹಕ್ಕು ಅಂತ ಹೇಳಿತು. ಉಳಿದವರ ಫೈಲಿನಲ್ಲಿ ಭಯೋತ್ಪಾದಕ ಅಂತ ಕೂತಿದ್ದರೂ ಅದನ್ನು ಯಾರೂ ಓದಿಲ್ಲವಾದ್ದರಿಂದ ಹಾನಿ ಆಗಿಲ್ಲವಂತೆ. ಇದನ್ನು ಓದಿದ ಮೇಲೆ ನನಗೆ ಬೈಕ್ ಸಾಲ ಸ್ವಲ್ಪ ಹಗುರ ಅನ್ನಿಸಿತು.

ಸರಿ, ಈಗ ಸೇವೆಗೆ ಬರೋಣ. ಡಿಸ್ಪ್ಯೂಟ್ ಫಾರ್ಮ್‌ನಲ್ಲಿ ಪ್ರತಿ ಸಾಲದ ಪಕ್ಕ ಒಂದು ಬಟನ್ ಇದೆ, ಒತ್ತಿದರೆ ಏನು ತಪ್ಪು ಅಂತ ಆರಿಸುವ ಪಟ್ಟಿ. ಬಾಕಿ ಮೊತ್ತ ತಪ್ಪು, ಸಾಲ ಮುಗಿದಿದೆ, ಒಂದೇ ಸಾಲ ಎರಡು ಸಲ ಬಂದಿದೆ, ಈ ಖಾತೆ ನನ್ನದಲ್ಲ, ಹೀಗೆ. ನಮ್ಮಂಥವರು ಆರಿಸಬೇಕಾದ್ದು ‘ಈ ಖಾತೆ ನನ್ನದಲ್ಲ’. ಬೇರೇನನ್ನಾದರೂ ಆರಿಸಿದರೆ ಸಾಲ ನಿಮ್ಮದೇ ಅಂತ ನೀವೇ ಒಪ್ಪಿಕೊಂಡ ಹಾಗೆ. ಆದರೆ ‘ಇಬ್ಬರ ಫೈಲ್ ಸೇರಿಹೋಗಿದೆ’ ಅನ್ನೋ ಆಯ್ಕೆ ಪಟ್ಟಿಯಲ್ಲಿ ಇಲ್ಲ. ಎರಡನೇ ವೋಟರ್ ಐಡಿ ನನ್ನದಲ್ಲ ಅಂತ ಹೇಳಲು ಬೇರೆ ಕಡೆ ಹೋಗಬೇಕು, ವಿಳಾಸ ನನ್ನದಲ್ಲ ಅಂತ ಹೇಳಲು ಇನ್ನೊಂದು ಕಡೆ. ಒಂದೇ ಕಾಯಿಲೆಗೆ ಬೇರೆ ಬೇರೆ ಟಿಕೆಟ್ ನಂಬರ್. ಒಂದನ್ನು ನೋಡುವವರಿಗೆ ಇನ್ನೊಂದು ಕಾಣುವುದಿಲ್ಲ. ವಿವರಿಸಿ ಬರೆಯಲು ಕೊಡುವ ಜಾಗ ಎಷ್ಟಿದೆ ಅಂದರೆ, ‘ಸರ್, ನಾನು ಇವನಲ್ಲ’ ಅಂತ ಬರೆಯುವಷ್ಟರಲ್ಲಿ ಅಕ್ಷರ ಮುಗಿಯಿತು ಅಂತ ಕೆಂಪಾಗುತ್ತೆ. ದಾಖಲೆ ಸೇರಿಸುವ ಜಾಗ ನನಗೆ ಆ ಫಾರ್ಮ್‌ನಲ್ಲಿ ಸಿಗಲಿಲ್ಲ.

ಉತ್ತರ ಬಂತು. ಬೇಗನೇ ಬಂತು. ‘ಸಾಲ ಕೊಟ್ಟ ಸಂಸ್ಥೆ ಮಾಹಿತಿ ಸರಿಯಾಗಿದೆ ಎಂದು ಖಚಿತಪಡಿಸಿದೆ. ಬದಲಾವಣೆ ಇಲ್ಲ.’ ಟಿಕೆಟ್ ಬಂದ್.

ಇಡೀ ಸೇವೆಯ ನಿಜವಾದ ದೋಷ ಇಲ್ಲಿದೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದೂರು ಬಂದರೆ ಇವರು ಮಾಡುವುದು, ಅದನ್ನು ಸಾಲ ಕೊಟ್ಟವರಿಗೆ ಕಳಿಸಿ ‘ಸರಿನಾ?’ ಅಂತ ಕೇಳುವುದು. ಸಾಲದಾತರು ಹೇಳದೆ ನಾವು ಒಂದಕ್ಷರ ಬದಲಾಯಿಸುವಂತಿಲ್ಲ ಅಂತ ಎಲ್ಲ ಮೇಲ್‌ನ ಕೆಳಗೂ ಬರೆದಿರುತ್ತಾರೆ. ಬಾಕಿ ಮೊತ್ತ ತಪ್ಪಿದ್ದರೆ ಈ ದಾರಿ ಸರಿ, ಯಾಕೆಂದರೆ ಲೆಕ್ಕ ಅವರ ಹತ್ತಿರ ಇದೆ. ನನ್ನ ಕೇಸಿನಲ್ಲಿ ಫೈನಾನ್ಸ್‌ನವರ ಲೆಕ್ಕದಲ್ಲಿ ತಪ್ಪೇ ಇಲ್ಲ. ಅವರು ಮಂಜುನಾಥ ಅನ್ನೋನಿಗೆ ಸಾಲ ಕೊಟ್ಟದ್ದು ನಿಜ, ಅವನು ಕಟ್ಟದೇ ಇದ್ದದ್ದು ನಿಜ. ಕೇಳಿದವರಿಗೆ ‘ಸರಿಯಾಗಿದೆ’ ಅಂದರು, ಅದೂ ನಿಜ. ಆ ಸಾಲವನ್ನು ತಂದು ನನ್ನ ಪ್ಯಾನ್ ಕೆಳಗೆ ಜೋಡಿಸಿದವರು ಈ ಕ್ರೆಡಿಟ್ ಕಂಪನಿಯವರು. ತಪ್ಪು ಆದದ್ದು ಅವರ ಮನೆಯಲ್ಲಿ. ವಿಚಾರಣೆಗೆ ಹೋದದ್ದು ಪಕ್ಕದ ಮನೆಗೆ. ಪಕ್ಕದ ಮನೆಯವರು ‘ನಮ್ಮಲ್ಲಿ ಎಲ್ಲ ಸರಿ ಇದೆ’ ಅಂದರು, ಕೇಸ್ ಮುಗೀತು.

ಕಸ್ಟಮರ್ ಕೇರ್‌ಗೆ ಇದನ್ನು ವಿವರಿಸಿ ನೋಡಿದೆ. ಕನ್ನಡದಲ್ಲಿ ಮಾತಾಡುವವರು ಸಿಕ್ಕರು, ಮರ್ಯಾದೆಯಿಂದಲೇ ಮಾತಾಡಿದರು, ಅದಕ್ಕೆ ಅರ್ಧ ಸ್ಟಾರ್ ನಾನು ಬೇಕಂತಲೇ ಸೇರಿಸಿದ್ದೇನೆ. ಆದರೆ ಅವರ ಪರದೆಯಲ್ಲಿ ಕಾಣುವುದು ಟಿಕೆಟ್‌ನ ಸ್ಥಿತಿ ಮಾತ್ರ. ‘ಎರಡನೇ ವೋಟರ್ ಐಡಿ ಯಾವ ಸಂಸ್ಥೆಯಿಂದ ಬಂತು?’ ಅಂತ ಕೇಳಿದರೆ ‘ಗೊತ್ತಾಗಲ್ಲ ಸರ್’. ‘ಯಾರಿಗೆ ಗೊತ್ತಾಗುತ್ತೆ?’ ‘ಮೇಲ್ ಹಾಕಿ ಸರ್.’ ಮೇಲ್ ಹಾಕಿದರೆ ಫಾರ್ಮ್ ತುಂಬಿ ಅಂತ ಉತ್ತರ. ಫಾರ್ಮ್ ಎಲ್ಲಿಗೆ ಹೋಗುತ್ತೆ ಅಂತ ಈಗಾಗಲೇ ಹೇಳಿದೆನಲ್ಲ.

ಕೆಲಸ ಆದದ್ದು ಫೈನಾನ್ಸ್ ಕಂಪನಿಯ ದೂರು ಅಧಿಕಾರಿಯಿಂದ. ಇಂಥ ಪ್ರತಿ ಫೈನಾನ್ಸ್ ಕಂಪನಿಯ (ಎನ್‌ಬಿಎಫ್‌ಸಿ) ವೆಬ್‌ಸೈಟ್‌ನಲ್ಲೂ ಅವರ ಹೆಸರು, ಮೇಲ್ ಇರಲೇಬೇಕು, ಕೆಳಗೆ ಎಲ್ಲೋ ಮೂಲೆಯಲ್ಲಿ ಸಿಗುತ್ತೆ. ನಾನು ಆ ಸಾಲದ ದಾಖಲೆ ಕೊಡಿ ಅಂತ ಕೇಳಲಿಲ್ಲ. ಬೇರೆಯವರ ಕೆವೈಸಿ ಕಾಗದ ನನಗೆ ಕೊಡುವುದು ತಪ್ಪಾಗುತ್ತೆ, ಕೇಳಿದರೂ ಕೊಡಬಾರದು. ನನ್ನ ಪ್ಯಾನ್, ನನ್ನ ವೋಟರ್ ಐಡಿ, ಫೋಟೋ, ಸಹಿ ಕಳಿಸಿ, ನಿಮ್ಮ ಫೈಲಿನಲ್ಲಿ ಇರುವವರಿಗೂ ಇದಕ್ಕೂ ತಾಳೆ ಇದೆಯಾ ಇಲ್ಲವಾ, ಅಷ್ಟು ಬರೆದುಕೊಡಿ ಅಂತ ಕೇಳಿದೆ. ‘ಈ ಸಾಲ ಈ ಪ್ಯಾನ್‌ಗೆ ಸಂಬಂಧಿಸಿದ್ದಲ್ಲ’ ಅಂತ ಒಂದೇ ಸಾಲಿನ ಪತ್ರ ಬೇಕಿತ್ತು. ಆ ದೂರು ಅಧಿಕಾರಿ, ಒಬ್ಬ ಹೆಣ್ಣುಮಗಳು, ಹಳೇ ಫೈಲ್ ತರಿಸಿ ನೋಡಿದರು. ಫೋನ್ ಮಾಡಿ ನಗುತ್ತಾ, "ಸರ್, ನಮ್ಮ ಕಸ್ಟಮರ್ ಫೋಟೋದಲ್ಲಿ ನಿಮಗಿಂತ ಜಾಸ್ತಿ ಕೂದಲಿದೆ" ಅಂದರು. ಪತ್ರ ಬಂತು. ಲೆಟರ್‌ಹೆಡ್, ಸೀಲು, ಸಹಿ ಎಲ್ಲ ಸೇರಿ. ಅದನ್ನು ಲಗತ್ತಿಸಿ ಮತ್ತೆ ದೂರು ಹಾಕಿದೆ, ಈ ಸಲ ಫಾರ್ಮ್ ಅಲ್ಲ, ಕ್ರೆಡಿಟ್ ಕಂಪನಿಯಲ್ಲಿ ದೂರುಗಳನ್ನು ನೋಡುವ ನೋಡಲ್ ಅಧಿಕಾರಿಗೆ ನೇರವಾಗಿ. ಜೊತೆಗೆ ನಿಯಮಗಳನ್ನೂ ಬರೆದೆ.

ಆ ನಿಯಮ ಎಲ್ಲರಿಗೂ ಗೊತ್ತಿರಬೇಕು, ಬರೆದುಬಿಡುತ್ತೇನೆ. ದೂರು ಕೊಟ್ಟ 30 ದಿನದೊಳಗೆ ಇತ್ಯರ್ಥ ಆಗಬೇಕು. ಅದರಲ್ಲಿ ಸಾಲದಾತರಿಗೆ 21 ದಿನ. ಗಡುವು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ತಡ ಯಾರದೋ ಅವರು ಕೊಡಬೇಕು. ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶ ಇದು, 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದೂರನ್ನು ತಳ್ಳಿಹಾಕಿದರೆ ಕಾರಣ ಹೇಳಬೇಕು ಅಂತಲೂ ಅದೇ ಕಾಲದ ಇನ್ನೊಂದು ಆದೇಶದಲ್ಲಿ ಇದೆ. ಚೆನ್ನಾಗಿದೆ. ಆದರೆ ನನ್ನ ವಿಷಯದಲ್ಲಿ ಏನಾಯಿತು ನೋಡಿ. ಮೊದಲ ಟಿಕೆಟನ್ನು ‘ಸಾಲದಾತರು ಖಚಿತಪಡಿಸಿದ್ದಾರೆ’ ಅಂತ ಗಡುವಿನ ಒಳಗೇ ಮುಚ್ಚಿದರು. ಅವರ ಪುಸ್ತಕದಲ್ಲಿ ಅದು ಇತ್ಯರ್ಥ. ಮತ್ತೆ ಹಾಕಿದ್ದು ಹೊಸ ದೂರು, ಹೊಸ ಗಡಿಯಾರ. ಹೀಗೆ ತಿಂಗಳುಗಟ್ಟಲೆ ಎಳೆದರೂ ಒಂದು ದಿನವೂ ತಡವಾಗದ ಚಮತ್ಕಾರ ನಡೆಯಿತು. ಪರಿಹಾರ ಅಂತ ನನಗೆ ಒಂದು ರೂಪಾಯಿಯೂ ಬರಲಿಲ್ಲ. ದುಡ್ಡಿಗಾಗಿ ಕೊರಗುತ್ತಿಲ್ಲ. ಬೇಗ ‘ಇಲ್ಲ’ ಅಂದರೆ ಖರ್ಚಿಲ್ಲ, ನಿಧಾನವಾಗಿ ಹುಡುಕಿದರೆ ದಂಡ ಅಂತಾದರೆ, ಯಾವ ನೌಕರ ತಾನೇ ಹುಡುಕುತ್ತಾನೆ?

ಒಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ಕೇಳಿ ತೀರ್ಮಾನಿಸುವ ರಿಸರ್ವ್ ಬ್ಯಾಂಕ್ ಅಧಿಕಾರಿ, ಅವರ ಹತ್ತಿರ ಹೋಗುವುದಾಗಿ ಬರೆದ ಮೇಲೆ ದನಿ ಬದಲಾಯಿತು. 2022ರ ಸೆಪ್ಟೆಂಬರ್ 1ರಿಂದ ಈ ನಾಲ್ಕೂ ಕಂಪನಿಗಳು ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ ಯೋಜನೆಯ ಒಳಗೆ ಬಂದಿವೆ. ಮೊದಲು ಕಂಪನಿಗೇ ದೂರು ಕೊಟ್ಟಿರಬೇಕು, ಅವರು ತಳ್ಳಿಹಾಕಿರಬೇಕು ಅಥವಾ 30 ದಿನ ಸುಮ್ಮನಿರಬೇಕು, ಆಮೇಲೆ ಆನ್‌ಲೈನ್‌ನಲ್ಲಿ ಹಾಕಬಹುದು. ಶುಲ್ಕ ಇಲ್ಲ, ವಕೀಲರು ಬೇಡ. ನಾನು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಫೈನಾನ್ಸ್‌ನ ಪತ್ರ ಮತ್ತು ಆ ಒಂದು ವಾಕ್ಯ ಸೇರಿ ಕೆಲಸ ಮಾಡಿತು. ಒಂದು ಬೆಳಗ್ಗೆ ನೋಡಿದರೆ ಬೈಕ್ ಸಾಲ ಇಲ್ಲ, ಮೊಬೈಲ್ ಸಾಲ ಇಲ್ಲ, ಎರಡನೇ ವೋಟರ್ ಐಡಿ ಇಲ್ಲ. ಸ್ಕೋರ್ ಮೇಲೆದ್ದು ಕೂತಿದೆ. ಕ್ಷಮೆ ಕೇಳಿದ ಮೇಲ್ ಬಂತಾ ಅಂತ ಕೇಳಬೇಡಿ. ‘ನಿಮ್ಮ ಕೋರಿಕೆಯಂತೆ ಬದಲಾವಣೆ ಮಾಡಲಾಗಿದೆ’ ಅಂತ ಬಂತು. ನನ್ನ ಕೋರಿಕೆಯಂತೆ!

ಒಂದು ಪ್ರಶ್ನೆಗೆ ಮಾತ್ರ ಉತ್ತರ ಸಿಗಲಿಲ್ಲ. ನನ್ನ ಫೈಲಿನಲ್ಲಿ ಅವನಿದ್ದ ಅಂದರೆ, ಅವನ ಫೈಲಿಗೆ ಏನಾಯಿತು? ಅವನು ಎಂದಾದರೂ ರಿಪೋರ್ಟ್ ತೆಗೆದಿದ್ದರೆ ನನ್ನ ಕ್ರೆಡಿಟ್ ಕಾರ್ಡ್, ನನ್ನ ಬಾಡಿಗೆ ಮನೆಗಳ ವಿಳಾಸ, ನನ್ನ ಫೋನ್ ನಂಬರ್ ಎಲ್ಲ ಅವನಿಗೆ ಕಂಡಿರಬೇಕಲ್ಲ? ಇನ್ನೊಬ್ಬ ಗ್ರಾಹಕರ ಬಗ್ಗೆ ಹೇಳುವಂತಿಲ್ಲ ಅಂದರು. ಅದು ಸರಿಯಾದ ಉತ್ತರವೇ. ಆದರೆ ಇಷ್ಟು ದಿನ ಅವನ ಇಡೀ ಸಾಲದ ಜಾತಕವನ್ನು ನನಗೆ ತೋರಿಸುತ್ತಿದ್ದಾಗ ಈ ಗುಟ್ಟಿನ ನಿಯಮ ಎಲ್ಲಿ ಹೋಗಿತ್ತೋ.

ಒಂದು ಮಾತು, ವಿಷಯಾಂತರ ಅನ್ನಿಸಿದರೂ ಪರವಾಗಿಲ್ಲ. ನನಗೆ ಕನಿಷ್ಠ ಡಿಸ್ಪ್ಯೂಟ್ ಅನ್ನೋ ಬಟನ್ ಇತ್ತು, ಎಷ್ಟೇ ಕೆಟ್ಟದ್ದಾದರೂ. ಇದೇ ಹೆಸರು ಹೊಂದಿಸುವ ಕೆಲಸವನ್ನು ಸರ್ಕಾರಗಳು ರೇಷನ್ ಕಾರ್ಡ್‌ಗೂ ಮಾಡುತ್ತವೆ. ತೆಲಂಗಾಣದಲ್ಲಿ ‘ಸಮಗ್ರ ವೇದಿಕಾ’ ಅನ್ನೋ ವ್ಯವಸ್ಥೆ ಬೇರೆ ಬೇರೆ ಇಲಾಖೆಗಳ ದಾಖಲೆಗಳನ್ನು ಹೆಸರು, ವಿಳಾಸ ನೋಡಿ ಜೋಡಿಸಿ, ಇವರಿಗೆ ಕಾರಿದೆ, ಇವರು ಬಡವರಲ್ಲ ಅಂತ ಹೇಳುತ್ತಿತ್ತು. ಕಾರು ಇದ್ದದ್ದು ಅದೇ ಥರ ಹೆಸರಿನ ಇನ್ನೊಬ್ಬರಿಗೆ ಅನ್ನೋ ಪ್ರಕರಣ ವರದಿಯಾಯಿತು, ಅಕ್ಕಿ ನಿಂತದ್ದು ಮಾತ್ರ ಇವರ ಮನೆಗೆ. ರದ್ದಾದ ಕಾರ್ಡ್‌ಗಳು ಸುಮಾರು 19 ಲಕ್ಷ. 2022ರಲ್ಲಿ ಸುಪ್ರೀಂ ಕೋರ್ಟ್, ಮನೆಗಳಿಗೆ ಹೋಗಿ ಮತ್ತೆ ಪರಿಶೀಲಿಸಿ ಅಂತ ಆದೇಶ ಕೊಡಬೇಕಾಯಿತು. ನನಗೆ ಮನೆ ಸಾಲ ತಡವಾಯಿತು ಅಷ್ಟೇ. ಅಕ್ಕಿ ತಡವಾದರೆ ನೋಡಲ್ ಅಧಿಕಾರಿಗೆ ಮೇಲ್ ಬರೆಯುತ್ತಾ ಕೂರೋಕಾಗುತ್ತಾ?

ಎರಡು ಸ್ಟಾರ್ ಹೇಗೆ ಅಂತ ಕೇಳುವವರಿಗೆ: ರಿಪೋರ್ಟ್ ಪುಕ್ಕಟೆ, ಬೇಗ ಸಿಗುತ್ತೆ, ಒಂದು. ಫೋನ್ ಎತ್ತುವವರಿಗೆ ಅರ್ಧ. ಕೊನೆಗಾದರೂ ಸರಿ ಮಾಡಿದ್ದಕ್ಕೆ ಅರ್ಧ. ಫಾರ್ಮ್‌ಗೆ ಸೊನ್ನೆ. ‘ಇಬ್ಬರ ಫೈಲ್ ಸೇರಿದೆ’ ಅನ್ನೋ ಒಂದು ಆಯ್ಕೆ, ದಾಖಲೆ ಹಾಕಲು ಒಂದು ಜಾಗ, ಆ ಟಿಕೆಟ್ ಸಾಲದಾತರಿಗೆ ಹೋಗುವ ಮುಂಚೆ ತಮ್ಮಲ್ಲೇ ಒಬ್ಬ ಮನುಷ್ಯ ಎರಡು ವೋಟರ್ ಐಡಿ ನಂಬರ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡುವ ವ್ಯವಸ್ಥೆ, ಇಷ್ಟು ಮಾಡಿದರೆ ನಾನೇ ಬಂದು ನಾಲ್ಕು ಸ್ಟಾರ್ ಹಾಕುತ್ತೇನೆ.

ನಿಮ್ಮ ಹೆಸರು ಮಾಮೂಲಿಯಾಗಿದ್ದರೆ, ಅದರಲ್ಲೂ ಹುಟ್ಟಿದ ದಿನ ಜೂನ್ 1 ಅಥವಾ ಜನವರಿ 1 ಆಗಿದ್ದರೆ, ಸಾಲ ಬೇಕಾದಾಗ ನೋಡೋಣ ಅಂತ ಕಾಯಬೇಡಿ. ನಾಲ್ಕು ಕಂಪನಿಗಳ ಉಚಿತ ರಿಪೋರ್ಟ್‌ಗಳನ್ನು ಮೂರು ತಿಂಗಳಿಗೊಂದರಂತೆ ತೆಗೆಯಿರಿ, ವರ್ಷಪೂರ್ತಿ ಒಂದು ಕಣ್ಣಿಟ್ಟ ಹಾಗಾಗುತ್ತೆ. ಸ್ಕೋರ್ ಬಿಟ್ಟು ಗುರುತಿನ ನಂಬರ್‌ಗಳನ್ನು ಮೊದಲು ಓದಿ. ನಿಮ್ಮದಲ್ಲದ ನಂಬರ್ ಕಂಡರೆ ಆ ಪುಟವನ್ನು ದಿನಾಂಕದ ಸಮೇತ ಸೇವ್ ಮಾಡಿ, ಯಾಕೆಂದರೆ ಸರಿ ಮಾಡಿದ ಮೇಲೆ ಅದು ಇತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ. ಫೈನಾನ್ಸ್‌ನವರು ಕೊಟ್ಟ ಪತ್ರವನ್ನೂ ಎಸೆಯಬೇಡಿ.

ಅಪ್‌ಡೇಟ್: ಉಳಿದ ಮೂರು ಕಂಪನಿಗಳ ರಿಪೋರ್ಟ್ ತೆಗೆದು ನೋಡಿದೆ. ಎರಡರಲ್ಲಿ ಏನೂ ಇಲ್ಲ, ಸ್ವಚ್ಛ. ಮೂರನೆಯದರಲ್ಲಿ ಅದೇ ಬೈಕ್, ಅದೇ ವೋಟರ್ ಐಡಿ. ಒಬ್ಬರು ತಿದ್ದಿದರೆ ಇನ್ನೊಬ್ಬರಿಗೆ ಹೋಗುವುದಿಲ್ಲ, ಪ್ರತಿಯೊಬ್ಬರದೂ ಬೇರೆ ಬೇರೆ ಹೊಂದಾಣಿಕೆ. ಈ ಸಲ ಫಾರ್ಮ್ ಕಡೆಗೇ ಹೋಗಲಿಲ್ಲ, ಪತ್ರ ಲಗತ್ತಿಸಿ ನೋಡಲ್ ಅಧಿಕಾರಿಗೆ ಕಳಿಸಿದ್ದೇನೆ. ಅವರ ಸ್ಟಾರ್ ಎಷ್ಟು ಅಂತ ಉತ್ತರ ಬಂದ ಮೇಲೆ ಇಲ್ಲೇ ಸೇರಿಸುತ್ತೇನೆ.